ಮೂಕಗಂಜಿ

ಜಗಲಿಯ ಮೇಲೊಂದು ಮಣ್ಣಿನ ಗಡಿಗೆ. ಅದರ ಬಾಯಿಗೆ ಬಿಳಿಯ ಬಟ್ಟೆ ಬಿಗಿದಿದೆ. ಒಳಗಿನ ಹಬೆಗೆ ಬಟ್ಟೆಯ ನಡುಭಾಗ ಒದ್ದೆಯಾಗಿ, ಉಸಿರಾಡುತ್ತಿರುವಂತೆ ಸಣ್ಣಗೆ ಏರಿ ಇಳಿಯುತ್ತಿದೆ. ಸುತ್ತ ಯಾರೂ ಇಲ್ಲ.

ಆ ಊರಿಗೆ ವಿಜ್ಞಾನದ ಮೇಷ್ಟರಾಗಿ ಹೋದ ಹೊಸತರಲ್ಲಿ, ಎದುರುಮನೆಯ ಅಜ್ಜ ತೀರಿಕೊಂಡ ಮರುದಿನ, ಕಾಗೆ ಕೂಗುವ ಮೊದಲು ನಾನು ಕಂಡದ್ದು ಇದು. ನನಗೆ ಮುಂಗೋಣೆಯನ್ನು ಬಾಡಿಗೆಗೆ ಕೊಟ್ಟಿದ್ದ ಅನಸೂಯಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದರು. "ಅದನ್ನ ಯಾರು ತಂದಿಟ್ಟರು?" ಎಂದು ಕೇಳಿದೆ. ಅವರು ತುಟಿಯ ಮೇಲೆ ಬೆರಳಿಟ್ಟರು.

"ಯಾರು ಅಂತ ಕೇಳಬಾರದು ಮೇಷ್ಟ್ರೆ. ಸಾವಿನ ಮನೆಯ ಗಂಜಿ ಅದು."

ಕೇಳಬಾರದ್ದನ್ನು ಕೇಳುವುದೇ ವಿಜ್ಞಾನ ಎಂದು ತರಗತಿಯಲ್ಲಿ ಹೇಳುತ್ತಿದ್ದವನು ನಾನು. ಆದರೂ ಅವರ ಮುಖ ನೋಡಿ ಸುಮ್ಮನಾದೆ. ಎಲ್ಲ ಊರುಗಳಿಗೂ ಇಂಥವು ಹತ್ತಾರು ಇರುತ್ತವೆ.

ಅನಸೂಯಮ್ಮ ಊರಿನ ಆಸ್ಪತ್ರೆಯ ನರ್ಸು. ಗಂಡ ಎಂದೋ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮಂದಾಕಿನಿ ನನ್ನ ತರಗತಿಯಲ್ಲಿ ಓದಿ ಮುಗಿಸಿ, ತಾಯಿಯ ಹಾಗೆಯೇ ನರ್ಸಿಂಗ್ ಕಲಿಯಲು ಹೊರಡುವುದರಲ್ಲಿದ್ದಳು. ಊರಿನ ಕೆಳಗೆ ಹೊಳೆ, ಹೊಳೆಗೊಂದು ಹಳೆಯ ಕಲ್ಲಿನ ಸೇತುವೆ, ಸೇತುವೆಯ ಆಚೆ ಬೆಟ್ಟ. ಬೆಟ್ಟದ ಮೇಲಿನ ಕಾಡುಜನರ ಹಾಡಿಗಳಲ್ಲಿ ಹೆರಿಗೆ ಕಷ್ಟವಾದಾಗಲೆಲ್ಲ ಅಲ್ಲಿಯ ಗಂಡಸರು ಏದುಸಿರು ಬಿಡುತ್ತ ಬಂದು ನಮ್ಮ ಅಂಗಳದಲ್ಲಿ "ನರ್ಸಮ್ಮಾ" ಎಂದು ಕೂಗುತ್ತಿದ್ದರು. ಅನಸೂಯಮ್ಮ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು. ಹಾಡಿಯವರು ವಾರದ ಸಂತೆಗೆ ಜೇನು, ಸೀಗೆಕಾಯಿ, ಪೊರಕೆ ತಂದು ಮಾರಿ ಉಪ್ಪು ಕೊಂಡು ಹೋಗುತ್ತಿದ್ದರು. ಬೆಟ್ಟದ ಇನ್ನೂ ಮೇಲೆ, ದಟ್ಟ ಕಾಡಿನಲ್ಲಿ, ಬಂದೂಕು ಹಿಡಿದವರ ಒಂದು ದಳವಿದೆ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಹಾಡಿಗೂ ದಳಕ್ಕೂ ಏನು ನಂಟು, ಎಷ್ಟು ನಂಟು ಎಂದು ಯಾರೂ ತೂಗಿ ನೋಡಿರಲಿಲ್ಲ. ತೂಗಿ ನೋಡುವ ಅಗತ್ಯ ಬಂದಿರಲಿಲ್ಲ.

ಒಂದು ಸಂತೆಯ ದಿನ ಉಪ್ಪಿನ ಸಾಲಿನಲ್ಲಿ ಯಾರೋ ಜೇನಿನ ಡಬ್ಬವೊಂದನ್ನು ಇಟ್ಟು ಹೋದರು.

ನಾನು ಶಾಲೆಯಲ್ಲಿದ್ದೆ. ಮೊದಲು ಕಿಟಕಿಯ ಗಾಜು ಒಳಕ್ಕೆ ಬಿತ್ತು, ಸದ್ದು ಆಮೇಲೆ ಬಂತು ಎಂದು ನೆನಪು. ಅಷ್ಟು ಹತ್ತಿರದಲ್ಲಿ ಹಾಗಾಗಲು ಸಾಧ್ಯವಿಲ್ಲವೆಂದು ಬಲ್ಲೆ. ಆದರೆ ನೆನಪು ಭೌತಶಾಸ್ತ್ರ ಓದಿಲ್ಲ. ಸಂತೆಯತ್ತ ಓಡಿದೆ. ಎದುರಿನಿಂದ ಜನ ಬಾಯಿ ತೆರೆದುಕೊಂಡು ಓಡಿ ಬರುತ್ತಿದ್ದರು. ನನ್ನ ಕಿವಿ ಕಿವುಡಾಗಿದ್ದರಿಂದ ಅವರು ಕೂಗುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ.

ಸಂತೆಮಾಳದಲ್ಲಿ ಕರಟಿದ ಜೇನಿನ ವಾಸನೆ ಇತ್ತು. ಅದರ ಕೆಳಗೆ ಬೇರೆ ವಾಸನೆ. ತಕ್ಕಡಿಯ ಸರಪಣಿ ಹಿಡಿದ ಒಂದು ಕೈ ತಕ್ಕಡಿಯ ಜೊತೆಯಲ್ಲೇ ಬೇವಿನ ಕೊಂಬೆಗೆ ಸಿಕ್ಕಿ ತೂಗುತ್ತಿತ್ತು. ಉಪ್ಪಿನ ಮೂಟೆಗಳು ಸೀಳಿ, ಬಿಳಿಯ ರಾಶಿಗಳು ನಿಧಾನವಾಗಿ ಕೆಂಪಾಗುತ್ತಿದ್ದವು. ಸತ್ತವರಿಗಿಂತ ಬದುಕಿದವರನ್ನು ನೋಡುವುದೇ ಕಷ್ಟವಾಗಿತ್ತು. ಸಿಡಿತದ ರಭಸಕ್ಕೆ ಹರಳುಪ್ಪು ಅವರ ಗಾಯಗಳೊಳಗೆ ನಾಟಿಕೊಂಡಿತ್ತು. ಕಿವಿ ತೆರೆದುಕೊಂಡಾಗ ನನಗೆ ಮೊದಲು ಕೇಳಿಸಿದ್ದು, "ನೀರು ಹಾಕ್ರೋ, ಉರೀತದೆ, ನೀರು ಹಾಕ್ರೋ" ಎಂಬ ಕೂಗು. ಒಬ್ಬನದಲ್ಲ, ಇಡೀ ಸಾಲಿನದು.

ಅನಸೂಯಮ್ಮ ಆಗಲೇ ಅಲ್ಲಿದ್ದರು. ಬರಿಗಾಲಿನಲ್ಲಿ, ಒಂದು ಬಿಂದಿಗೆ ಹಿಡಿದು, ಒಬ್ಬರಾದ ಮೇಲೆ ಒಬ್ಬರ ಗಾಯ ತೊಳೆಯುತ್ತ, ಬಟ್ಟೆ ಹರಿದು ಕಟ್ಟುತ್ತ ಬರುತ್ತಿದ್ದರು. ಸೀಗೆಕಾಯಿಯ ಬುಟ್ಟಿಯ ಪಕ್ಕದಲ್ಲಿ ಬೋರಲಾಗಿ ಬಿದ್ದಿದ್ದ ಹುಡುಗಿಯೊಬ್ಬಳನ್ನು ಹೊರಳಿಸಿದರು. ಜಡೆಗೆ ಕಟ್ಟಿದ್ದ ಹಸಿರು ಟೇಪನ್ನು ಆ ಬೆಳಿಗ್ಗೆ ಅವರೇ ಕಟ್ಟಿದ್ದರು.

ಅವರು ಅಳಲಿಲ್ಲ. ಮಂದಾಕಿನಿಯ ತೆರೆದ ಕಣ್ಣುಗಳಲ್ಲಿ ಉಪ್ಪಿನ ಹರಳುಗಳಿದ್ದವು. ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಅವನ್ನು ಒಂದೊಂದಾಗಿ ಒರೆಸಿದರು. ಸತ್ತವರ ಕಣ್ಣು ಉರಿಯುವುದಿಲ್ಲವೆಂದು ನರ್ಸಿಗೆ ಯಾರು ಹೇಳಬೇಕು? ಆಮೇಲೆ ಬಿಂದಿಗೆ ಎತ್ತಿಕೊಂಡು ಪಕ್ಕದವನ ಕಡೆಗೆ ಹೋದರು. ಅವನು ಇನ್ನೂ ಕೂಗುತ್ತಿದ್ದ.

ಹೊಳೆಯ ದಂಡೆಯಲ್ಲಿ ಚಿತೆಗಳು ಉರಿಯುತ್ತಿರುವಾಗಲೇ ಸೈನ್ಯದ ತುಕಡಿಯೊಂದು ಬಂದು ಶಾಲೆಯ ಮೈದಾನದಲ್ಲಿ ಡೇರೆ ಹಾಕಿತು. ಕ್ಯಾಪ್ಟನ್ ಚಿಕ್ಕ ವಯಸ್ಸಿನವನು, ದೂರದವನು, ನಮ್ಮ ಮಾತು ಅರೆಬರೆ ಬಲ್ಲವನು. ಕೆಟ್ಟವನಲ್ಲ. ಬೆಟ್ಟ ಹತ್ತಿ ದಳವನ್ನು ಮುಗಿಸುವುದು ಅವನ ಯೋಚನೆ. ಆದರೆ ಆ ಕಾಡಿನ ದಾರಿ ಗೊತ್ತಿರುವವರು ಜೊತೆಗೆ ಬೇಕು, ಅಂಥವರು ನಮ್ಮ ಊರಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಊರು ಒಪ್ಪದೆ ಅವರಲ್ಲಿ ಯಾರೂ ಹೊರಡುವವರಲ್ಲ. ಹೀಗಾಗಿ ಚಾವಡಿಯಲ್ಲಿ ಪಂಚಾಯಿತಿ ಸೇರಿತು.

ಸಾವಿನ ವಿಚಾರದ ಪಂಚಾಯಿತಿಗೆ ಆ ಊರಲ್ಲಿ ಒಂದು ಕಟ್ಟಳೆ ಇತ್ತು. ಯಾರು ಬೇಕಾದರೂ ಮಾತಾಡಬಹುದು, ಕಡೆಯ ಮಾತು ಮಾತ್ರ ಕಳೆದುಕೊಂಡವರದು. ಅದನ್ನು ಮೀರುವಂತಿಲ್ಲ. ಕಳೆದುಕೊಂಡವರೆಲ್ಲ ಸೇರಿ ಅನಸೂಯಮ್ಮನನ್ನು ಮುಂದೆ ಕೂರಿಸಿದ್ದರು. ಬೆಟ್ಟದ ಮೇಲೆ ಬಂದೂಕು ಹತ್ತಬೇಕೋ ಬೇಡವೋ ಎಂಬುದು ಹೀಗೆ ಅವರ ಒಂದು ಮಾತಿಗೆ ಬಂದು ನಿಂತಿತು.

ಮೊದಲು ಎದ್ದವರು ಹವಾಲ್ದಾರ್ ಮಾದಪ್ಪ. ಯಾವುದೋ ಗಡಿಯಲ್ಲಿ ಎಡಗೈ ಬಿಟ್ಟು ಬಂದಿದ್ದ ನಿವೃತ್ತ ಸಿಪಾಯಿ. ಕ್ಯಾಪ್ಟನ್ನಿಗೆ ದುಭಾಷಿಯೂ ಅವರೇ.

"ನಾನು ಸುತ್ತಿ ಬಳಸಿ ಮಾತಾಡೋನಲ್ಲ. ಡಬ್ಬ ಇಟ್ಟೋನು ಮೇಲೆ ಕೂತು ನಗ್ತಿದಾನೆ, ನಾವು ಇಲ್ಲಿ ಕೂತು ಬೂದಿ ಆರಿಸ್ತಿದೀವಿ. ಸುಮ್ಮನಿದ್ರೆ ನಾಳೆ ಇನ್ನೊಂದು ಡಬ್ಬ ಬರುತ್ತೆ. ದಾರಿ ತೋರಿಸೋಕೆ ನಾನಿದೀನಿ. ನಾನೇ ಮುಂದೆ ನಡೀತೀನಿ."

ಗರಡಿಮನೆಯ ಉಸ್ತಾದ್ ಚೆನ್ನಿಗಪ್ಪ ಕೂತಲ್ಲಿಂದಲೇ ಹೇಳಿದರು: "ಬೆಟ್ಟ ಹತ್ತಿದ್ರೆ ಮೊದಲು ಸಿಗೋದು ದಳ ಅಲ್ಲ ಮಾದಪ್ಪ, ಹಾಡಿ. ಹಾಡೀಲಿ ಗುಂಡಿಗೆ ಸಿಗೋರು ಯಾರು? ಓಡೋಕಾಗದೋರು."

"ಜೇನಿನ ಡಬ್ಬ ಹಾಡಿಯಿಂದ ತಾನೇ ಬಂದಿದ್ದು? ತೊಡೆ ತಟ್ಟೋ ಉಸ್ತಾದನ ಬಾಯಲ್ಲಿ ಬರೋ ಮಾತೇನಯ್ಯಾ ಇದು!"

"ತೊಡೆ ತಟ್ಟೋನಿಗೇ ಗೊತ್ತು ಕಣಯ್ಯಾ, ಯಾವಾಗ ತಟ್ಟಬಾರದು ಅಂತ. ಕಣ್ಣಿಗೆ ಮಣ್ಣು ಬಿದ್ದಾಗ ಪಟ್ಟು ಹಾಕೋಕೆ ಹೋದ್ರೆ ಕೈಗೆ ಸಿಗೋದು ಎದುರಾಳಿಯಲ್ಲ, ಪಕ್ಕದಲ್ಲಿ ನಿಂತೋನು."

"ಸರಿ, ನಿನ್ನ ಪಟ್ಟು ಏನು, ಹೇಳು."

"ಹಾಡಿ ಹಿರಿಯರನ್ನ ಕರೆಯೋಣ. ಎದುರಿಗೆ ಕೂರಿಸಿ ಡಬ್ಬ ಯಾರದು ಅಂತ ಕೇಳೋಣ. ಅವರು ಹೇಳೋ ತನಕ ಉಪ್ಪಿಲ್ಲ, ಸಂತೆಯಿಲ್ಲ. ಊರಿಗೆ ಊರೇ ಹೋಗಿ ಸೇತುವೆ ಮೇಲೆ ಕೂತ್ಕೊಳ್ಳೋಣ. ಬರಿಗೈಲಿ."

"ಬರಿಗೈಲಿ!" ಮಾದಪ್ಪ ಖಾಲಿ ತೋಳನ್ನು ಎತ್ತಿ ಅಲ್ಲಾಡಿಸಿದರು. "ನನಗೇನು ಬಿಡು, ನಿಮಗಿಂತ ಅರ್ಧ ಕೆಲಸ ಕಡಿಮೆ."

ಒಬ್ಬಿಬ್ಬರು ನಕ್ಕರು. ಆ ಊರಲ್ಲಿ ಯಾರಾದರೂ ನಕ್ಕಿದ್ದು ಸಂತೆಯಾದ ಮೇಲೆ ಅದೇ ಮೊದಲು. ನಗು ಮುಗಿಯುವ ಮೊದಲೇ ಉಪ್ಪಿನ ವ್ಯಾಪಾರಿ ಗುರುಸಿದ್ದಪ್ಪ ಜನರನ್ನು ಸೀಳಿಕೊಂಡು ಮುಂದೆ ಬಂದ. ಅವನ ಮುಖದ ಅರ್ಧಕ್ಕೆ ಪಟ್ಟಿ ಕಟ್ಟಿತ್ತು.

"ನನ್ನ ತಮ್ಮ ಪೂರ್ತಿ ಸಿಗಲಿಲ್ಲ. ಅರ್ಧ ತಮ್ಮನ್ನ ಸುಟ್ಟು ಬಂದಿದೀನಿ. ಕೇಳೋದಂತೆ! ಕೂತ್ಕೊಳ್ಳೋದಂತೆ!" ಎಂದು ಚೆನ್ನಿಗಪ್ಪನ ಕೆನ್ನೆಗೆ ಹೊಡೆದ. ಉಸ್ತಾದರು ಎದ್ದು ನಿಂತರು. ಅವನ ಎರಡರಷ್ಟಿದ್ದರು. ತುಟಿ ಒಡೆದು ರಕ್ತ ಗದ್ದಕ್ಕಿಳಿಯುತ್ತಿತ್ತು.

"ಇನ್ನೊಂದು ಹೊಡಿ ಗುರುಸಿದ್ದ. ಹಗುರ ಆಗುತ್ತೆ ಅನ್ನೋದಾದ್ರೆ ಹೊಡಿ."

ಅವನು ಹೊಡೆದ. ಮತ್ತೆ ಹೊಡೆದ. ಹಲ್ಲೊಂದು ಕಳಚಿ ನೆಲಕ್ಕೆ ಬಿತ್ತು. ಕೊನೆಗೆ ತನ್ನ ಕೈಯನ್ನೇ ನೋಡಿಕೊಳ್ಳುತ್ತ ಅಲ್ಲೇ ಕುಸಿದು, "ಆಗ್ಲಿಲ್ಲ ಉಸ್ತಾದ್ರೇ, ಹಗುರ ಆಗ್ಲಿಲ್ಲ" ಎಂದು ಬಿಕ್ಕಿದ.

ಮಾದಪ್ಪ ನನ್ನ ಕಡೆಗೆ ತಿರುಗಿದರು. "ಮೇಷ್ಟ್ರೆ, ನೀವು ಓದಿದೋರು. ಪ್ರತಿಯೊಂದು ಕ್ರಿಯೆಗೂ ಅಷ್ಟೇ ಪ್ರತಿಕ್ರಿಯೆ ಅಂತ ನೀವೇ ಪಾಠ ಮಾಡೋದಲ್ವಾ? ಪ್ರಕೃತಿ ನಿಯಮ ತಾನೇ ಅದು?"

"ಹೌದು," ಎಂದೆ. "ಆದರೆ ಆ ಎರಡು ಬಲಗಳು ಬೀಳೋದು ಎರಡು ಬೇರೆ ವಸ್ತುಗಳ ಮೇಲೆ. ಒಂದು ಇನ್ನೊಂದನ್ನ ಅಳಿಸೋದಿಲ್ಲ. ಎರಡೂ ಕಡೆ ಪೆಟ್ಟು ಉಳಿಯುತ್ತೆ."

"ಮೇಷ್ಟ್ರು ಯಾರ ಕಡೆ ಅಂತ ತಿಳೀಲಿಲ್ವಲ್ಲಪ್ಪ," ಎಂದು ಹಿಂದಿನಿಂದ ಯಾರೋ ಗೊಣಗಿದರು. ನನಗೂ ತಿಳಿದಿರಲಿಲ್ಲ. ಮಂದಾಕಿನಿಯ ಮುಖ ನೆನಪಾದಾಗ ಮಾದಪ್ಪನ ಕಡೆ, ಗುರುಸಿದ್ದಪ್ಪನ ಕೈ ನೋಡಿದಾಗ ಚೆನ್ನಿಗಪ್ಪನ ಕಡೆ ಇದ್ದೆ.

ಕಡೆಗೆ ಅನಸೂಯಮ್ಮ ಮಾತಾಡಿದರು.

"ಸೂತಕ ಕಳೆಯೋವರೆಗೂ ಬೆಟ್ಟಕ್ಕೆ ಯಾರೂ ಹತ್ತೋದು ಬೇಡ. ಆಮೇಲೆ ಹಿರಿಯರನ್ನ ಕರೆದು ಕೇಳೋಣ. ಅಲ್ಲೀವರೆಗೂ ಸಿಪಾಯಿಗಳು ಸೇತುವೆ ಕಾಯಲಿ. ಆ ಕಡೆಯಿಂದ ಯಾರೇ ಬಂದ್ರೂ ದಿಢೀರಂತ ಹೊಡೀಬಾರದು. ಹವಾಲ್ದಾರ್ರೆ, ನಿಮ್ಮಲ್ಲಿ ಅದಕ್ಕೇನೋ ಕ್ರಮ ಇರುತ್ತಲ್ಲ?"

"ಮೂರು ಸಲ ಕೂಗಿ ಕೇಳೋದು," ಎಂದರು ಮಾದಪ್ಪ.

"ಹಾಗೇ ಮಾಡ್ಲಿ. ಉತ್ತರ ಕೊಟ್ಟೋರನ್ನ ಮುಟ್ಟಬಾರದು."

ಕ್ಯಾಪ್ಟನ್ ಮುಂದಕ್ಕೆ ಬಾಗಿ ತನ್ನ ಅರೆಬರೆ ಮಾತಿನಲ್ಲಿ ಕೇಳಿದ: "ಉತ್ತರ ಇಲ್ಲ ಅಂದರೆ?"

ಅನಸೂಯಮ್ಮ ಅವನತ್ತ ತಿರುಗಿದರು. "ತಪ್ಪು ಮಾಡದೇ ಇರೋರು ಯಾಕೆ ಬಾಯಿ ಮುಚ್ಕೊಂಡಿರ್ತಾರೆ?"

ಇಡೀ ಚಾವಡಿ ತಲೆದೂಗಿತು. ಬಾಯಿಗೆ ಟವೆಲು ಒತ್ತಿಕೊಂಡಿದ್ದ ಚೆನ್ನಿಗಪ್ಪನೂ ತಲೆದೂಗಿದರು. ಅಷ್ಟು ನೋವಿನಲ್ಲೂ ಎಷ್ಟು ನ್ಯಾಯವಾದ ಮಾತಾಡಿದರಲ್ಲ ಎಂದು ಜನ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಮನೆಗೆ ಹೋದರು.

ಮರುದಿನ ಬೆಳಗಿನ ಜಾವ ಗುಂಡಿನ ಸದ್ದಿಗೆ ಎಚ್ಚರವಾಯಿತು. ಒಂದಲ್ಲ, ಒಣಗಿದ ಬಿದಿರುಮೆಳೆಗೆ ಬೆಂಕಿ ಬಿದ್ದಂತೆ ಸಾಲು ಸಾಲು.

ಹೊಳೆಯ ಮೇಲೆ ಮಂಜು ಕವಿದಿತ್ತು. ಕಾವಲಿನವರ ಜೊತೆ ಇದ್ದ ಮಾದಪ್ಪ ಸೇತುವೆಯ ಈಚೆಯ ತುದಿಯಲ್ಲಿ ಕಲ್ಲಿನಂತೆ ನಿಂತಿದ್ದರು. "ಒಬ್ಬರ ಹಿಂದೆ ಒಬ್ಬರು ಬಂದ್ರು ಮೇಷ್ಟ್ರೆ," ಎಂದರು. "ತಲೆ ಮೇಲೆ ಏನೋ ಹೊರೆ. ಬಾಯಿ ಕಟ್ಟಿದ್ದು. ಕಾವಲಿನವನು ಕೂಗಿದ. ನಿಲ್ಲಲಿಲ್ಲ, ಓಡಲೂ ಇಲ್ಲ. ಎರಡನೇ ಸಲವೂ ಕೂಗಿದ. ಮೂರನೇ ಸಲ ನಾನೇ ಕೂಗ್ದೆ, ನಮ್ಮ ಮಾತಲ್ಲೇ. ಯಾರದು, ಒಂದು ಮಾತಾಡ್ರೋ ಅಂದೆ. ಮಾತಾಡ್ರೋ ಅಂತ ಬೇಡ್ಕೊಂಡೆ. ಹಾಗೇ ನಡ್ಕೊಂಡು ಬಂದ್ಬಿಟ್ರು."

ಸೇತುವೆಯ ಕಲ್ಲುಗಳ ಮೇಲೆ ನಾಲ್ಕು ದೇಹಗಳಿದ್ದವು. ಒಬ್ಬ ಮುದುಕನ ದವಡೆ ಹಾರಿಹೋಗಿತ್ತು. ಒಬ್ಬಳು ಹೆಂಗಸು ಕಟ್ಟೆಗೊರಗಿ ಕೂತ ಹಾಗೆ ಸತ್ತಿದ್ದಳು, ಎರಡೂ ಕೈ ಇನ್ನೂ ತಲೆಯ ಮೇಲಿಲ್ಲದ ಹೊರೆಯನ್ನು ಹಿಡಿದಂತೆ ಮೇಲಕ್ಕೆದ್ದಿದ್ದವು. ಒಡೆದ ಗಡಿಗೆಗಳಿಂದ ಬೆಳ್ಳಗಿನ ಏನೋ ಹರಿದು, ರಕ್ತದೊಡನೆ ಬೆರೆತು, ಕಲ್ಲುಸಂದುಗಳಿಂದ ಹೊಳೆಗೆ ತೊಟ್ಟಿಕ್ಕುತ್ತಿತ್ತು. ಸಿಪಾಯಿಗಳು ಯಾರನ್ನೂ ಹತ್ತಿರ ಬಿಡಲಿಲ್ಲ. ಅದು ಏನು ಸಿಡಿಮದ್ದೋ ಎಂದು ಅವರಿಗೆ ಭಯ. ವಿಜ್ಞಾನದ ಮೇಷ್ಟರು ಎಂದು ನನ್ನನ್ನು ಮಾತ್ರ ಮುಂದೆ ಬಿಟ್ಟರು.

ಬಾಗಿ, ಬೆರಳು ತಾಗಿಸಿ, ಮೂಸಿ ನೋಡಿದೆ. ಸಾಮೆಯ ಗಂಜಿ. ಇನ್ನೂ ಬಿಸಿಯಾಗಿತ್ತು.

"ಏನದು?" ಎಂದ ಕ್ಯಾಪ್ಟನ್.

"ಊಟ," ಎಂದೆ.

ಐದನೆಯವಳು ಬದುಕಿದ್ದಳು. ಹದಿನೇಳು ಹದಿನೆಂಟರ ಹುಡುಗಿ. ತೊಡೆಯ ಮೂಳೆ ಪುಡಿಯಾಗಿ ಚರ್ಮದಿಂದ ಹೊರಗೆ ಚುಚ್ಚಿಕೊಂಡಿತ್ತು. ಆದರೂ ಒಂದು ಗಡಿಗೆಯನ್ನು, ಒಡೆಯದೆ ಉಳಿದ ಒಂದೇ ಗಡಿಗೆಯನ್ನು, ಎದೆಗವಚಿಕೊಂಡು ಮಲಗಿದ್ದಳು. ಸ್ಟ್ರೆಚರಿನ ಮೇಲೆ ಎತ್ತಿ ಹಾಕಿದಾಗಲೂ ಅವಳು ಚೀರಲಿಲ್ಲ. ಕೆಳತುಟಿಯನ್ನು ಕಚ್ಚಿ ಕಚ್ಚಿ ಹಲ್ಲು ತುಟಿಯೊಳಗೆ ಇಳಿದಿತ್ತು. ಆಸ್ಪತ್ರೆಯಲ್ಲಿ ಕ್ಯಾಪ್ಟನ್ ಹೆಸರು ಕೇಳಿದ, ದಳದ ಬಗ್ಗೆ ಕೇಳಿದ. ಅವಳು ಬಾಯಿ ಬಿಡಲಿಲ್ಲ. "ನೋಡಿದಿರಾ?" ಎಂಬಂತೆ ಅವನು ನಮ್ಮತ್ತ ನೋಡಿದ.

ಅಷ್ಟರಲ್ಲಿ ಅನಸೂಯಮ್ಮ ಬಂದರು. ಬಾಗಿಲಲ್ಲೇ ಅವರ ಹೆಜ್ಜೆ ನಿಂತಿತು. ಅವರು ನೋಡಿದ್ದು ಗಾಯವನ್ನಲ್ಲ, ಗಡಿಗೆಯ ಬಾಯಿಗೆ ಕಟ್ಟಿದ್ದ ಬಿಳಿಯ ಬಟ್ಟೆಯನ್ನು.

"ಅಯ್ಯೋ," ಎಂದರು, ಬಹಳ ಮೆಲ್ಲಗೆ. ಹುಡುಗಿಯ ಪಕ್ಕದಲ್ಲಿ ಮಂಡಿಯೂರಿ ಎರಡೂ ಅಂಗೈ ಚಾಚಿದರು. ಅಲ್ಲಿಯವರೆಗೆ ಯಾರಿಗೂ ಬಿಡದಿದ್ದ ಗಡಿಗೆಯನ್ನು ಹುಡುಗಿ ಆ ಕೈಗಳಲ್ಲಿಟ್ಟಳು. ಅನಸೂಯಮ್ಮ ಬಟ್ಟೆ ಬಿಚ್ಚಿ, ಗಡಿಗೆಯನ್ನು ಹಾಗೆಯೇ ಎತ್ತಿ, ಒಂದು ಗುಟುಕು ಕುಡಿದು ಕೆಳಗಿಟ್ಟರು.

"ಉಪ್ಪು ಹಾಕಿದ್ದೀರಿ," ಎಂದರು.

ಆಗ ಹುಡುಗಿ ಕಿರುಚಿದಳು. ಅಂಥ ಚೀತ್ಕಾರವನ್ನು ನಾನು ಸಂತೆಮಾಳದಲ್ಲೂ ಕೇಳಿರಲಿಲ್ಲ. ಅಷ್ಟು ಹೊತ್ತಿನಿಂದ ಒಳಗೆ ಹಿಡಿದಿಟ್ಟಿದ್ದೆಲ್ಲ ಒಮ್ಮೆಗೇ ಬಂತು. "ನರ್ಸಮ್ಮಾ, ಅವ್ವ ಅಲ್ಲೇ ಬಿದ್ದವ್ಳೆ! ನಮ್ಮವ್ವ ಬಿದ್ದವ್ಳೆ ನರ್ಸಮ್ಮಾ! ಕೂಗ್ತಾವ್ರೆ, ಏನಾರ ಹೇಳವ್ವಾ ಅಂತ ನಾ ಅವಳ ಸೆರಗು ಜಗ್ಗಿದೆ... ಅವ್ಳು ಹಿಂತಿರುಗಿ ಕಣ್ ಬಿಟ್ಲು, ಬಾಯ್ ಬಿಡಬ್ಯಾಡ ಅನ್ನೋ ಹಂಗೆ..."

ಅವಳ ಹೆಸರು ಕೇತಿ. ಅವಳನ್ನು ಅವಳ ತಾಯಿ ಜಡೆಮ್ಮನ ಹೊಟ್ಟೆಯಿಂದ ಹೊರಗೆಳೆದವರು ಅನಸೂಯಮ್ಮನೇ. ಆ ಜಡೆಮ್ಮನೇ ಸೇತುವೆಯ ಕಟ್ಟೆಗೊರಗಿ ಕೈ ಮೇಲೆತ್ತಿ ಕೂತವಳು.

ಮೂಳೆ ಕಟ್ಟುತ್ತ, ನನ್ನ ಮುಖ ನೋಡದೆಯೇ ಅನಸೂಯಮ್ಮ ಹೇಳಿದರು: "ಇದನ್ನ ಮೂಕಗಂಜಿ ಅಂತೀವಿ ಮೇಷ್ಟ್ರೆ. ಸೂತಕದ ಮನೇಲಿ ಒಲೆ ಹಚ್ಚೋ ಹಾಗಿಲ್ಲ. ನೆರೆಯವರು ಗಂಜಿ ತರಬೇಕು. ಹೊತ್ತವರು ಇಳಿಸೋವರೆಗೂ ಬಾಯಿ ಬಿಡಬಾರದು. ಬಿಟ್ರೆ ಸಾವಿಗೆ ತಮ್ಮ ಹೆಸರು ಹೇಳಿದ ಹಾಗೆ, ಅದು ಬೆನ್ನು ಹತ್ತುತ್ತೆ ಅಂತಾರೆ. ನಮಗೂ ಬೆಟ್ಟಕ್ಕೂ ಒಂದೇ ಕಟ್ಟಳೆ. ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು."

"ಮತ್ತೆ ನಿನ್ನೆ ಯಾರೂ ಯಾಕೆ ಹೇಳಲಿಲ್ಲ? ಅಷ್ಟು ಜನ ಇದ್ದರಲ್ಲ?"

ಅವರು ಪಟ್ಟಿಯ ಗಂಟು ಬಿಗಿದರು. "ಗಂಜಿ ತರೋರು ನೆರೆಯವರು. ಬೆಟ್ಟದವರು ತರ್ತಾರೆ ಅಂತ ನಮಗ್ಯಾರಿಗೂ ಹೊಳೀಲೇ ಇಲ್ಲ."

ಮಧ್ಯಾಹ್ನ ಆಸ್ಪತ್ರೆಯ ಅಂಗಳದಲ್ಲಿ ಮತ್ತೆ ಜನ ಸೇರಿದರು. ಕ್ಯಾಪ್ಟನ್ನನ ಮುಖ ಬಿಳಿಚಿಕೊಂಡಿತ್ತು, ಆದರೆ ಅವನ ಲೆಕ್ಕ ಸ್ಪಷ್ಟವಾಗಿತ್ತು. ಇದಾದ ಮೇಲೆ ದಳ ಸುಮ್ಮನಿರುವುದಿಲ್ಲ, ಹಾಡಿಯ ಗಂಡಸರೂ ಅವರ ಜೊತೆ ಸೇರುತ್ತಾರೆ, ಅವರು ಇಳಿಯುವ ಮೊದಲೇ ತಾನು ಹತ್ತಬೇಕು. ನಾಳೆ ಬೆಳಿಗ್ಗೆ ಇನ್ನೊಂದು ತುಕಡಿ ಬರುತ್ತದೆ.

"ನಿಜ ಹೇಳ್ತಿದಾನೆ," ಎಂದ ಗುರುಸಿದ್ದಪ್ಪ. "ನಾವು ತಪ್ಪು ಮಾಡಿದ್ವಿ, ಸರಿ. ಅದಕ್ಕೆ ಕುತ್ತಿಗೆ ಚಾಚಿ ಕೂರೋಕಾಗುತ್ತಾ?"

"ಮೊದಲೇ ಹೇಳಿದ್ದೆ—" ಎಂದು ಚೆನ್ನಿಗಪ್ಪ ಬಾಯಿ ತೆರೆದರು.

"ನೀನೂ ತಲೆದೂಗಿದೆ ಉಸ್ತಾದ. ನಾನು ನೋಡ್ದೆ," ಎಂದರು ಮಾದಪ್ಪ.

ಎಲ್ಲರೂ ಅನಸೂಯಮ್ಮನ ಕಡೆಗೆ ನೋಡಿದರು. ಅವರ ಸೆರಗಿನ ಮೇಲೆ ಕೇತಿಯ ರಕ್ತ ಒಣಗಿತ್ತು.

"ನನ್ನನ್ನ ಯಾಕೆ ನೋಡ್ತೀರಿ? ಕಡೆಯ ಮಾತು ಈಗ ನನ್ನದಲ್ಲ. ಕಳ್ಕೊಂಡೋರು ಹೊಳೆ ಆಚೆ ಇದಾರೆ. ಕಟ್ಟಳೆ ಕಟ್ಟಳೆಯೇ. ಕೇಳೋದಿದ್ರೆ ಅವರನ್ನ ಕೇಳಿ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಅಲ್ಲಿ ನಾಲ್ಕು ಮನೇಲಿ ಒಲೆ ಹಚ್ಚಿಲ್ಲ. ನಾಳೆ ಬೆಳಗ್ಗೆ ಗಂಜಿ ಹೋಗಬೇಕು. ನಾನು ಹೊರಟಿದೀನಿ. ಬರೋರು ಬನ್ನಿ," ಎಂದರು.

"ಕೊಂದುಹಾಕ್ತಾರೆ," ಎಂದ ಕ್ಯಾಪ್ಟನ್. ಆ ಪದ ಅವನಿಗೆ ಚೆನ್ನಾಗಿ ಬರುತ್ತಿತ್ತು. ಆಮೇಲೆ, ಹೊತ್ತು ಏರುವವರೆಗೆ ಕಾಯುತ್ತೇನೆಂದು ಮಾದಪ್ಪನ ಮೂಲಕ ಹೇಳಿಸಿದ. ಅಷ್ಟರಲ್ಲಿ ಮಾದಪ್ಪನೂ ತನ್ನೊಡನೆ ಬೆಟ್ಟ ಹತ್ತಲು ಸಿದ್ಧವಾಗಿರಬೇಕು.

ಆದರೆ ಬೆಳಗಿನ ಜಾವ ಗರಡಿಮನೆಯ ದೊಡ್ಡ ಹಂಡೆಯಿಂದ ಗಂಜಿಯನ್ನು ಗಡಿಗೆಗಳಿಗೆ ತುಂಬುವಾಗ ಮಾದಪ್ಪ ಅಲ್ಲಿಗೇ ಬಂದರು. ಹಳೆಯ ಸಮವಸ್ತ್ರ ಬಿಚ್ಚಿಟ್ಟು ಪಂಚೆ ಉಟ್ಟಿದ್ದರು.

"ಮೂರು ಸಲ ಕೂಗೋ ಕ್ರಮ ಹೇಳಿಕೊಟ್ಟೋನು ನಾನು," ಎಂದರು. "ಒಂದು ಗಡಿಗೆ ನನಗೆ ಎತ್ತಿಡು ಉಸ್ತಾದ."

"ಒಂದು ಕೈಲಿ ಆಗುತ್ತಾ ಹವಾಲ್ದಾರ್ರೆ?" ಎಂದು ಅನಸೂಯಮ್ಮ ಕೇಳಿದರು.

"ತಲೆ ಮೇಲಿನ ಗಡಿಗೆಗೆ ಒಂದು ಕೈ ಧಾರಾಳ. ಇನ್ನೊಂದು ಇದ್ದಿದ್ರೆ ಬಂದೂಕು ಹಿಡ್ಕೋತಿತ್ತೋ ಏನೋ."

"ಇವನು ಬಾಯಿ ಮುಚ್ಕೊಂಡು ಅಷ್ಟು ದೂರ ನಡೀತಾನಾ ಅನ್ನೋದೇ ನನಗೆ ಅನುಮಾನ," ಎಂದರು ಚೆನ್ನಿಗಪ್ಪ.

"ಎತ್ತಿಡೋ ಅಂದ್ರೆ," ಎಂದರು ಮಾದಪ್ಪ. ಆಮೇಲೆ ಅವರು ಮಾತಾಡಲಿಲ್ಲ.

ನಾಲ್ಕನೆಯ ಗಡಿಗೆಗೆ ಯಾರೂ ಮುಂದೆ ಬರಲಿಲ್ಲ. ನಾನು ಹೊತ್ತೆ. ಧೈರ್ಯದಿಂದ ಎಂದು ಹೇಳಲಾರೆ. ಅದನ್ನು ಅಲ್ಲೇ ಬಿಟ್ಟು ಹೋಗುವುದನ್ನು ನೋಡಲಾಗಲಿಲ್ಲ, ಅಷ್ಟೇ.

ಸೇತುವೆಯನ್ನು ತೊಳೆದಿದ್ದರೂ ಕಲ್ಲುಸಂದುಗಳು ಕಪ್ಪಾಗಿದ್ದವು. ದಾಟಿ, ಬಂಡೆಗಳ ನಡುವಿನ ಏರುದಾರಿ ಹಿಡಿದೆವು. ಮುಂದೆ ಅನಸೂಯಮ್ಮ, ಹಿಂದೆ ಮಾದಪ್ಪ, ಆಮೇಲೆ ನಾನು, ಕೊನೆಗೆ ಚೆನ್ನಿಗಪ್ಪ. ಗಡಿಗೆಯ ಬಿಸಿ ಸಿಂಬಿಯ ಮೂಲಕ ನೆತ್ತಿಗೆ ಇಳಿಯುತ್ತಿತ್ತು.

"ಯಾರದು?"

ಮೇಲಿನ ಬಂಡೆಯ ಹಿಂದಿನಿಂದ ಬಂತು ಕೂಗು. ಎಳೆಯ ದನಿ, ನಡುಗುತ್ತಿತ್ತು. ಹಾಡಿಯ ಮಾತಿನ ಧಾಟಿಯಲ್ಲ, ಬೇರೆಲ್ಲಿಂದಲೋ ದಳಕ್ಕೆ ಬಂದು ಸೇರಿದವನದು. ಉತ್ತರ ಕೊಡುವುದು ಎಷ್ಟು ಸಹಜವೆಂದು ಆಗ ನನಗೆ ತಿಳಿಯಿತು. ನಾಲಿಗೆ ತಾನಾಗಿಯೇ ಮೇಲಕ್ಕೆ ಬಂತು. ಹಲ್ಲು ಕಚ್ಚಿ ಹಿಡಿದೆ. ಹಿಂದಿನ ದಿನ ಇದೇ ಹೊತ್ತಿಗೆ ಕೇತಿಯ ಬಾಯಿಯೂ ಹೀಗೇ ಇದ್ದಿರಬೇಕು.

"ಯಾರದು? ನಿಲ್ಲಿ!"

ಅನಸೂಯಮ್ಮನ ಹೆಜ್ಜೆ ತಪ್ಪಲಿಲ್ಲ. ಮೂರನೆಯ ಕೂಗಿಗೆ ಅವನು ಕಾಯಲಿಲ್ಲ.

ಗುಂಡು ಮಾದಪ್ಪನ ಎದೆಗೆ ಬಿತ್ತು. ಅವರ ಬೆನ್ನು ನನ್ನ ಕಣ್ಣೆದುರೇ ಸೀಳಿ, ಬಿಸಿಯಾದುದು ನನ್ನ ಮುಖಕ್ಕೆ ಸಿಡಿಯಿತು. ಅವರು ಬೀಳಲಿಲ್ಲ. ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು, ಹೀಗೆ ನಿಧಾನವಾಗಿ ಕುಸಿದು, ಒಂದೇ ಕೈಯಿಂದ ಗಡಿಗೆಯನ್ನು ತಲೆಯ ಮೇಲಿಂದ ಇಳಿಸಿ ದಾರಿಯ ಅಂಚಿನ ಚಪ್ಪಟೆ ಕಲ್ಲಿನ ಮೇಲಿಟ್ಟರು. ಗಂಜಿ ತುಳುಕಲಿಲ್ಲ. ಬಾಯಿ ತೆರೆದರು. ಅದರಿಂದ ರಕ್ತ ಬಂತು, ದನಿ ಬರಲಿಲ್ಲ.

ಬದುಕೆಲ್ಲ ರಕ್ತ ಕಟ್ಟಿಸುವುದೇ ಕೆಲಸವಾಗಿದ್ದ ಹೆಂಗಸು ಹಿಂತಿರುಗಿ ನೋಡಿದರು. ಅವರ ಎರಡೂ ಕೈ ಗಡಿಗೆಯ ಮೇಲಿದ್ದವು. ಆ ಗಾಯ ಎಂಥದ್ದೆಂದು ಒಂದೇ ನೋಟಕ್ಕೆ ಅವರಿಗೆ ತಿಳಿದಿರಬೇಕು. ಮಾದಪ್ಪ ಗದ್ದ ಎತ್ತಿ ಮೇಲಿನ ದಾರಿ ತೋರಿಸಿದರು. ಅವರೇ ದಾರಿ ತೋರಿಸುತ್ತೇನೆಂದಿದ್ದ ಬೆಟ್ಟ ಅದು. ಅನಸೂಯಮ್ಮ ತಿರುಗಿ ನಡೆದರು. ಅವರ ಕೆನ್ನೆಯಿಂದ ನೀರು ಇಳಿದು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಮಗಳು ಸತ್ತ ದಿನ ಬಾರದ ಕಣ್ಣೀರು. ಒರೆಸಿಕೊಳ್ಳಲು ಕೈಯಿರಲಿಲ್ಲ.

"ಯಾರು ಅಂತ ಕೇಳ್ತಿದೀನಲ್ರೋ! ಹೇಳ್ರೋ!" ಬಂಡೆಯ ಹಿಂದಿನ ದನಿ ಈಗ ಅಳುತ್ತಿತ್ತು. ಬಂದೂಕಿಗೆ ಮತ್ತೆ ಗುಂಡು ತುಂಬಿದ ಸದ್ದು ಕೇಳಿಸಿತು.

ಆಗ ಇನ್ನೂ ಮೇಲಿನಿಂದ, ಹಾಡಿಯ ಕಡೆಯಿಂದ, ಮುದಿ ದನಿಯೊಂದು ಕೇಳಿತು. ಗಟ್ಟಿಯಾಗಿ ಅಲ್ಲ, ಮಗುವಿಗೆ ಬುದ್ಧಿ ಹೇಳುವಂತೆ.

"ಕೇಳಬಾರ್ದು ಮಗಾ. ಗಡಿಗೆ ನೋಡು. ಕೇಳಬಾರ್ದು."

ಬಂಡೆಯ ಹಿಂದಿನಿಂದ ಮತ್ತೆ ಸದ್ದು ಬರಲಿಲ್ಲ. ಎಲೆಗಳ ನಡುವೆ ಕಾಣುತ್ತಿದ್ದ ನಳಿಗೆ ಸ್ವಲ್ಪ ದೂರ ನಮ್ಮ ಜೊತೆಯಲ್ಲೇ ತಿರುಗಿತು, ಆಮೇಲೆ ನೆಲದ ಕಡೆಗೆ ಬಾಗಿತು.

ಮೂರು ಗುಡಿಸಲುಗಳ ಮುಂದೆ ಮೂರು ಗಡಿಗೆ ಇಳಿಸಿದೆವು. ನಾಲ್ಕನೆಯ ಗುಡಿಸಲು ಜಡೆಮ್ಮನದು. ನಾವು ನೋಡುತ್ತಿರುವಂತೆಯೇ, ಮೇಲಿನಿಂದ ಬುದ್ಧಿ ಹೇಳಿದ್ದ ಆ ಮುದುಕ ಕೋಲೂರಿಕೊಂಡು ಕೆಳಗಿಳಿದು, ಮಾದಪ್ಪನ ಪಕ್ಕದಲ್ಲಿದ್ದ ಗಡಿಗೆಯನ್ನು ತಲೆಯ ಮೇಲಿಟ್ಟುಕೊಂಡು, ಬಾಯಿ ಬಿಡದೆ ಹತ್ತಿ ಬಂದು ಅಲ್ಲಿಟ್ಟ. ನಾವು ಇಳಿದು ಹೋಗುವಷ್ಟರಲ್ಲಿ ಮಾದಪ್ಪನ ಮೈ ತಣ್ಣಗಾಗಿತ್ತು. ಚೆನ್ನಿಗಪ್ಪ ಅವರನ್ನು ಹೆಗಲ ಮೇಲೆ ಹೊತ್ತು ಸೇತುವೆ ದಾಟಿಸಿದರು. ದಾರಿಯುದ್ದಕ್ಕೂ ಬೈಯುತ್ತಿದ್ದರು. "ಎದ್ದು ಒಂದು ಮಾತಾಡೋ ಬಾಯಿಬಡುಕ. ಈಗ ಮಾತಾಡಬಹುದು ಕಣೋ, ಇಳಿಸಿ ಆಯ್ತು."

ದಾರಿ ತೋರಿಸಲು ಬೇರೆ ಯಾರೂ ಒಪ್ಪದೆ ಆ ದಿನ ತುಕಡಿ ಬೆಟ್ಟ ಹತ್ತಲಿಲ್ಲ. ಆಮೇಲೆ ಬೇರೆ ಆಜ್ಞೆಗಳು ಬಂದವು, ಬೇರೆ ತುಕಡಿಗಳು ಬಂದವು. ಗಂಜಿಯಿಂದ ದಳ ಕರಗಿಹೋಗಲಿಲ್ಲ. ಆ ಹೊಳೆಯ ಎರಡೂ ದಡದಲ್ಲಿ ಇನ್ನೂ ಜನ ಸತ್ತರು. ಡಬ್ಬ ಇಟ್ಟವನು ಯಾರೆಂದು ನಾನು ಊರು ಬಿಡುವವರೆಗೂ ತಿಳಿಯಲಿಲ್ಲ. ಚಾವಡಿಯ ವಾದದಲ್ಲಿ ಗೆದ್ದವರು ಯಾರೆಂದು ಹೇಳಲಾರೆ. ಕಣ್ಣಾರೆ ಕಂಡ ಒಂದನ್ನು ಮಾತ್ರ ಹೇಳಬಲ್ಲೆ.

ಮಾದಪ್ಪನನ್ನು ಸುಟ್ಟ ಮರುದಿನ, ಕಾಗೆ ಕೂಗುವ ಮೊದಲು, ನಿದ್ದೆ ಬಾರದೆ ಹೊಳೆಯ ಕಡೆಗೆ ಹೋಗಿದ್ದೆ. ಸೇತುವೆಯ ಮೇಲೆ ಕಾವಲಿನ ಸಿಪಾಯಿ ಇದ್ದ. ಅವನು ಬೆಟ್ಟದ ಕಡೆಗೆ ನೋಡುತ್ತಿರಲಿಲ್ಲ. ಬಂದೂಕನ್ನು ಕಟ್ಟೆಗೊರಗಿಸಿ, ದಾರಿಗೆ ಬೆನ್ನು ಮಾಡಿ, ಹರಿಯುವ ನೀರನ್ನು ನೋಡುತ್ತ ನಿಂತಿದ್ದ. ಅವನ ಹಿಂದಿನ ಒದ್ದೆ ಕಲ್ಲುಗಳ ಮೇಲೆ, ಊರಿನತ್ತ, ಬರಿಗಾಲಿನ ಗುರುತುಗಳು ಮೂಡಿದ್ದವು.

ಹಿಂತಿರುಗುವಾಗ ಮಾದಪ್ಪನ ಮನೆಯ ಮುಂದೆ ಬಂದೆ. ಬಾಗಿಲು ಇನ್ನೂ ತೆರೆದಿರಲಿಲ್ಲ. ಜಗಲಿಯ ಮೇಲೊಂದು ಗಡಿಗೆ ಇತ್ತು. ಅದರ ಬಾಯಿಗೆ ಕಟ್ಟಿದ್ದ ಬಿಳಿಯ ಬಟ್ಟೆ ಹಬೆಗೆ ಸಣ್ಣಗೆ ಏರಿ ಇಳಿಯುತ್ತಿತ್ತು.